ಕೊಡಚಾದ್ರಿಗೆ ನಿಮ್ಮ ದಾರಿ ಯಾವುದು?

ಮಳೆಗಾಲ ಕಳೆದು ರಜೆ ಬಂತೆಂದರೆ ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನತ್ತ ತಿರುಗುವ ವಾಹನಗಳು ಹೆಚ್ಚುತ್ತವೆ. ದೇವಿಯ ದರ್ಶನವಾದ ಮೇಲೆ ‘ಹ್ಯಾಂಗೂ ಬಂದಾಯ್ತಲ್ದಾ, ಕೊಡಚಾದ್ರಿಗೂ ಹೋಯಿ ಬಪ್ಪ’ ಎಂಬ ಮಾತು ಏಳುತ್ತದೆ. ಹೇಳುವವನು ಸಾಮಾನ್ಯವಾಗಿ ಮನೆಯ ಕಾಲೇಜು ಹುಡುಗ. ಏದುಸಿರು ಬಿಡುವವರು ಅವನ ಅಪ್ಪ, ಅಮ್ಮ.

ಯುರೋಪಿನಲ್ಲಿ ಹಿಮದ ಇಳಿಜಾರುಗಳಲ್ಲಿ ಸ್ಕೀಯಿಂಗ್ ಮಾಡುವವರಿಗಾಗಿ ದಾರಿಗಳನ್ನು ಬಣ್ಣದಿಂದ ಗುರುತಿಸಿರುತ್ತಾರೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ನುರಿತವರಿಗೆ ಮಾತ್ರ. ನಮ್ಮ ಬೆಟ್ಟಗಳಿಗೆ ಬಣ್ಣವಿಲ್ಲ, ಮನೆಯವರೇ ಹಚ್ಚಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಹಿಡ್ಲುಮನೆ ಜಲಪಾತದ ಪಕ್ಕದಿಂದ ಏರುವ ಕಾಲುದಾರಿ ಕಪ್ಪು. ಜೀಪಿನ ದಾರಿ ನೀಲಿ. ಆದರೆ ಆ ಕುಲುಕಾಟ ಬೆನ್ನುನೋವಿನವರಿಗೂ ಗರ್ಭಿಣಿಯರಿಗೂ ತಕ್ಕುದಲ್ಲ. ಜೀಪು ಇಳಿದ ಮೇಲೂ ಸರ್ವಜ್ಞಪೀಠಕ್ಕೆ ಏರುದಾರಿ ನಡೆಯಬೇಕೆಂಬುದನ್ನು ಹಲವರು ಮರೆಯುತ್ತಾರೆ. ಅದು ಕೆಂಪು.

‘ಮೇಲೆ ಗಾಳಿ ತೆಳು, ಅದಕ್ಕೇ ದಮ್ಮು’ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಕೊಡಚಾದ್ರಿಯ ಎತ್ತರ 1,343 ಮೀಟರ್. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನದು. ಇಲ್ಲಿ ದಮ್ಮು ಕಟ್ಟಿದರೆ ಕಾರಣ ಅಭ್ಯಾಸ ತಪ್ಪಿದ ದೇಹ, ಇಲ್ಲವೇ ರಕ್ತಹೀನತೆ, ಶ್ವಾಸಕೋಶ ಅಥವಾ ಹೃದಯದ ತೊಂದರೆ. ಎರಡು ಮಹಡಿ ಮೆಟ್ಟಿಲು ಒಂದೇ ಸಮನೆ ಹತ್ತಿದಾಗ ಎದೆ ಹಿಡಿದಂತಾಗಿ, ಕುಳಿತರೆ ಕಡಿಮೆಯಾಗುವುದಿದ್ದರೆ ಪ್ರವಾಸವನ್ನು ಮುಂದೂಡಿ ವೈದ್ಯರನ್ನು ಕಾಣಿರಿ. ದಾರಿಯಲ್ಲಿ ಹಾಗಾದರೆ ಅಲ್ಲೇ ನಿಲ್ಲಿರಿ. ತುದಿಯಲ್ಲಿ ಆಸ್ಪತ್ರೆಯಿಲ್ಲ.

ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಬಾರದು, ಕಿಸೆಯಲ್ಲಿ ಸಕ್ಕರೆ ಇರಲಿ. ಮಂಡಿನೋವಿನವರಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ‘ಹತ್ತಿದರೆ ಆಯಿತು’ ಎಂಬ ಧೈರ್ಯ ಅವರಿಗೆ ಸಲ್ಲದು.

ಎಲ್ಲರೂ ಒಂದೇ ದಾರಿಯಲ್ಲಿ ಹೋಗಬೇಕೆಂಬ ಹಟವೇ ತಪ್ಪೆಂದು ನನಗನಿಸುತ್ತದೆ. ಹುಡುಗರು ಊರಿನ ಮಾರ್ಗದರ್ಶಿಯೊಡನೆ ನಡೆದು ಬರಲಿ, ಹಿರಿಯರು ಜೀಪಿನಲ್ಲಿ ಬರಲಿ, ದೇವಸ್ಥಾನದ ಬಳಿ ಕೂಡಿ ಬುತ್ತಿ ಬಿಚ್ಚಲಿ. ಒಟ್ಟಿಗೇ ನಡೆಯುವುದಾದರೆ ಎಲ್ಲರಿಗಿಂತ ನಿಧಾನದವರು ಮುಂದಿರಬೇಕು.

ಕಾಲುದಾರಿ ಆರಿಸಿದವರಿಗೆ ಇನ್ನೊಂದು ಮಾತು. ಮಲೆನಾಡಿನ ಕಾಡುಗಳಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಉಣ್ಣಿಗಳಿಂದ ಮಂಗನ ಕಾಯಿಲೆ ಹರಡುವುದುಂಟು. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಧರಿಸಿರಿ. ಮರಳಿದ ಮೇಲೆ ಮೈ ಪರೀಕ್ಷಿಸಿ ಸ್ನಾನ ಮಾಡಿರಿ. ಹತ್ತು ದಿನಗಳೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ತಿಳಿಸಿರಿ.