ಹೊಣೆ ಡೆವಲಪರಿನದು, ಹಿಡಿತ ಇನ್ನೊಬ್ಬರದು

ಸರ್ವರಿನ ತಲೆನೋವು ನಮಗಿರಲಿ, ನೀವು ಕೋಡ್ ಬರೆದುಕೊಂಡಿರಿ ಎಂಬುದು ಕ್ಲೌಡ್ ಕಂಪನಿಗಳು ಡೆವಲಪರುಗಳಿಗೆ ಕೊಟ್ಟ ಭರವಸೆ. ಅದು ಅರ್ಧ ಮಾತ್ರ ನಿಜವಾಗಿದೆ.

ಆ ಅರ್ಧವೇನೂ ಸಣ್ಣದಲ್ಲ. ಮೊದಲೆಲ್ಲ ಹೊಸ ಸರ್ವರ್ ಬೇಕೆಂದರೆ ಖರೀದಿಗೆ ಮಂಜೂರಾತಿ ಸಿಗಬೇಕು, ಯಂತ್ರ ಬರಬೇಕು, ಯಾರೋ ಅದನ್ನು ಡೇಟಾ ಸೆಂಟರಿನಲ್ಲಿ ಕೂರಿಸಬೇಕು, ವಾರಗಳೇ ಉರುಳುತ್ತಿದ್ದವು. 2006ರಲ್ಲಿ ಅಮೆಜಾನ್ ದತ್ತಾಂಶ ಇಡುವ ಎಸ್3, ಕಂಪ್ಯೂಟರ್ ಒದಗಿಸುವ ಇಸಿ2 ಸೇವೆಗಳನ್ನು ತೆರೆದ ಮೇಲೆ ಯಂತ್ರ ಗಂಟೆ ಲೆಕ್ಕದ ಬಾಡಿಗೆಗೆ ದೊರೆಯಿತು. ಮರುವರ್ಷ ಹುಟ್ಟಿದ ಹೆರೋಕು ಕಂಪನಿ ಇನ್ನೂ ಮುಂದೆ ಹೋಯಿತು: ಗಿಟ್‌ನಲ್ಲಿ ಒಂದು ಪುಶ್ ಕೊಟ್ಟರೆ ಆ್ಯಪ್ ಜಗತ್ತಿನ ಮುಂದೆ. ಕೈಯಲ್ಲಿ ಬಂಡವಾಳವಿಲ್ಲದ ಇಬ್ಬರು ಮೂವರು ಸೇರಿ ಕಂಪನಿ ಶುರು ಮಾಡುವ ಧೈರ್ಯ ಬಂದದ್ದು ಇದರಿಂದಲೇ.

ಹಾಗಾದರೆ ಸಿಸ್ಟಮ್ ಅಡ್ಮಿನ್ ಮಾಡುತ್ತಿದ್ದ ಕೆಲಸ ಎಲ್ಲಿ ಹೋಯಿತು? ಬಹುಪಾಲು ಡೆವಲಪರಿನ ಮೇಜಿಗೇ ಬಂತು. ಕಟ್ಟಿದವರೇ ನಡೆಸಬೇಕು ಎಂದು ಅಮೆಜಾನಿನ ತಂತ್ರಜ್ಞಾನ ಮುಖ್ಯಸ್ಥ ವರ್ನರ್ ವೋಗೆಲ್ಸ್ 2006ರಲ್ಲೇ ಹೇಳಿದ್ದರು. ಅದೀಗ ಊರೂರಿನ ಕಂಪನಿಗಳ ಪಾಳಿ ಪಟ್ಟಿಯಲ್ಲಿದೆ. ನಡುರಾತ್ರಿ ಫೋನ್ ಬಡಿದರೆ ಏಳಬೇಕಾದವರು ಕೋಡ್ ಬರೆದವರೇ. ಇದರಲ್ಲಿ ಒಳ್ಳೆಯದೂ ಇದೆ, ನಿದ್ದೆಗೆಟ್ಟವರು ಎರಡನೇ ಸಲ ಎಚ್ಚರಿಕೆಯಿಂದ ಬರೆಯುತ್ತಾರೆ. ನನ್ನ ತಕರಾರು ಬೇರೆ. ಹೊಣೆಯೇನೋ ಬಂತು, ಹಿಡಿತ ಬರಲಿಲ್ಲ.

2017ರ ಫೆಬ್ರವರಿ 28ನ್ನು ನೋಡಿ. ವರ್ಜೀನಿಯಾದ ಎಸ್3 ವ್ಯವಸ್ಥೆಯಲ್ಲಿ ಬಿಲ್ಲಿಂಗಿನ ದೋಷ ಹುಡುಕುತ್ತಿದ್ದ ಅಮೆಜಾನ್ ಸಿಬ್ಬಂದಿಯೊಬ್ಬರು ಒಂದು ಕಮ್ಯಾಂಡನ್ನು ತಪ್ಪಾಗಿ ಕೊಟ್ಟರು. ತೆಗೆಯಬೇಕಾದುದಕ್ಕಿಂತ ಹೆಚ್ಚು ಸರ್ವರುಗಳು ಕಳಚಿಕೊಂಡವು, ಅಸಂಖ್ಯ ಜಾಲತಾಣಗಳು ಗಂಟೆಗಟ್ಟಲೆ ಕೈಕೊಟ್ಟವು. ಸೇವೆಯ ಸ್ಥಿತಿ ತಿಳಿಸಬೇಕಾದ ಅಮೆಜಾನಿನ ಫಲಕವೂ ಎಸ್3ಯನ್ನೇ ನಂಬಿಕೊಂಡಿದ್ದರಿಂದ ಅದನ್ನು ಕೆಲಹೊತ್ತು ಬದಲಾಯಿಸಲೂ ಆಗಲಿಲ್ಲ! ಅತ್ತ ಗ್ರಾಹಕರ ಬೈಗುಳ ತಿನ್ನುತ್ತಿದ್ದ ಡೆವಲಪರುಗಳು ನಲ್ಲಿ ನಿಂತುಹೋದ ಬಾಡಿಗೆದಾರರಂತೆ ಓನರ್ ದಾರಿ ಕಾಯಬೇಕಾಯಿತು.

ಇನ್ನು ಬಿಲ್. ಆರಿಸಲು ಮರೆತ ಯಂತ್ರ, ಕೊನೆಯಿಲ್ಲದೆ ತಿರುಗುವ ಲೂಪ್, ಎರಡೂ ತಿಂಗಳ ಕೊನೆಗೆ ದುಡ್ಡಾಗಿ ಎದುರು ನಿಲ್ಲುತ್ತವೆ. ಉಚಿತವೆಂದು ನಂಬುವಂತೆಯೂ ಇಲ್ಲ, ಹೆರೋಕು 2022ರ ನವೆಂಬರಿನಲ್ಲಿ ತನ್ನ ಉಚಿತ ಸೇವೆಯನ್ನು ಮುಚ್ಚಿತು. ಅದೇ ವರ್ಷ 37ಸಿಗ್ನಲ್ಸ್ ಕಂಪನಿ ಕ್ಲೌಡ್ ಬಿಟ್ಟು ಸ್ವಂತ ಯಂತ್ರಗಳಿಗೆ ಮರಳುವುದಾಗಿ ಸಾರಿತು. ಯಂತ್ರ ಬಲ್ಲವರು ಅವರಲ್ಲಿದ್ದರು, ಹೊರಟರು. ಕನ್ಸೋಲಿನ ಗುಂಡಿಗಳನ್ನಷ್ಟೇ ಕಲಿತ ತಂಡಕ್ಕೆ ಆ ಆಯ್ಕೆಯೇ ಇರುವುದಿಲ್ಲ.

ಆದ್ದರಿಂದ ತಂಡ ನಡೆಸುವವರಲ್ಲಿ ಒಂದು ಕೋರಿಕೆ: ಹೊಸದಾಗಿ ಸೇರಿದವರನ್ನು ಕ್ಲೌಡ್ ಸರ್ಟಿಫಿಕೇಟಿಗೆ ಓಡಿಸುವ ಮುನ್ನ ಒಂದು ಬರಿಯ ಲಿನಕ್ಸ್ ಯಂತ್ರ ಕೊಟ್ಟು, ವೆಬ್ ಸರ್ವರ್, ಡೇಟಾಬೇಸ್, ಬ್ಯಾಕಪ್ ಎಲ್ಲವನ್ನೂ ಅವರ ಕೈಯಲ್ಲೇ ಹೂಡಿಸಿ.