ನಲವತ್ತು ಚೀಟಿ, ಐದು ಜಾಗ

ಮಳೆಗಾಲದಲ್ಲಿ ಶಾಲೆಗಳಿಗೆ ಬರುವ ಸುತ್ತೋಲೆಗಳಲ್ಲಿ ‘ಇನ್‌ಸ್ಪೈರ್-ಮಾನಕ್’ ಸ್ಪರ್ಧೆಯದೂ ಒಂದು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದೊಡನೆ ಸೇರಿ ಇದನ್ನು ನಡೆಸುತ್ತದೆ. 6ನೆಯ ತರಗತಿ ಮತ್ತು ಅದರ ಮೇಲಿನ ಮಕ್ಕಳು ತಮಗೆ ಹೊಳೆದ ಹೊಸ ವಿಚಾರವೊಂದನ್ನು ಬರೆದು ಕೊಡಬೇಕು. ಶಾಲೆಯವರು ಅವುಗಳಲ್ಲಿ ಐದನ್ನು ಆರಿಸಿ ಕಳುಹಿಸಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಒಂದು ಸಾಧಾರಣ ಪ್ರೌಢಶಾಲೆಯಲ್ಲಿ ನಲವತ್ತು ಮಕ್ಕಳು ಚೀಟಿ ಬರೆದು ಕೊಟ್ಟರು ಎಂದುಕೊಳ್ಳೋಣ. ಮೂವತ್ತೈದು ಮಕ್ಕಳ ವಿಚಾರ ಶಾಲೆಯ ಗೇಟನ್ನೇ ದಾಟುವುದಿಲ್ಲ. ಆದ್ದರಿಂದ ಮೊದಲ ಆಯ್ಕೆ ನಡೆಯುವುದು ದಿಲ್ಲಿಯಲ್ಲಲ್ಲ, ನಮ್ಮ ಶಿಕ್ಷಕರ ಕೊಠಡಿಯಲ್ಲಿ.

ಅಲ್ಲಿ ಅದು ಹೇಗೆ ನಡೆಯುತ್ತದೆ? ಎಷ್ಟೋ ಕಡೆ ಗಡುವಿನ ಹಿಂದಿನ ದಿನ, ಅರ್ಧ ತಾಸಿನಲ್ಲಿ. ತರಗತಿಗೆ ಮೊದಲನೆಯವನ ಹೆಸರು ಒಂದು, ಚಂದ ಅಕ್ಷರದವಳ ಹೆಸರು ಒಂದು, ಪೇಟೆಯಿಂದ ಥರ್ಮಾಕೋಲ್ ಮಾದರಿ ತಂದಿರುವವನದು ಒಂದು. ಹಿಂದಿನ ಬೆಂಚಿನ ಹುಡುಗಿ ಕಬ್ಬಿನ ರವದಿಯ ಬಗ್ಗೆ ಏನೋ ಬರೆದಿದ್ದಳಂತೆ, ಓದಲು ಹೊತ್ತಾಗಲಿಲ್ಲ.

ಮುಂದಿನ ಹಂತಗಳ ಲೆಕ್ಕ ಹೀಗಿದೆ. ದೇಶದಾದ್ಯಂತ 10 ಲಕ್ಷ ವಿಚಾರ ಸಂಗ್ರಹಿಸಿ, ಅವುಗಳಲ್ಲಿ 1 ಲಕ್ಷವನ್ನು ಆರಿಸುವುದು ಈ ಯೋಜನೆಯ ಗುರಿ. ಆರಿಸಲ್ಪಟ್ಟ ಮಗುವಿನ ಬ್ಯಾಂಕ್ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ನೇರವಾಗಿ ಜಮೆಯಾಗುತ್ತದೆ. ಜಿಲ್ಲಾ ಪ್ರದರ್ಶನದಿಂದ ರಾಜ್ಯಕ್ಕೆ 10,000, ಅಲ್ಲಿಂದ ರಾಷ್ಟ್ರಮಟ್ಟಕ್ಕೆ 1,000, ಕೊನೆಗೆ 60. ವಿಚಾರ ಹೊಸತೇ, ಮಾಡಲು ಸಾಧ್ಯವೇ, ಜನಕ್ಕೆ ಉಪಯೋಗವೇ, ಪರಿಸರಕ್ಕೆ ಹಾನಿಯಿಲ್ಲವೇ, ಈಗಿರುವ ಸಾಧನಕ್ಕಿಂತ ಮೇಲೇ ಎಂದು ಮೇಲಿನವರು ನೋಡುತ್ತಾರೆ. ಅಕ್ಷರ ಚಂದವಿದೆಯೇ ಎಂಬುದು ಈ ಪಟ್ಟಿಯಲ್ಲಿಲ್ಲ. ತರಗತಿಯ ರ‍್ಯಾಂಕೂ ಇಲ್ಲ.

ಆಯ್ಕೆ ಎಂಬುದು ಸ್ಪರ್ಧೆಗಷ್ಟೇ ಸೇರಿದ್ದಲ್ಲ. ನಮ್ಮ ಭಾಗದಲ್ಲಿ ಎಲ್ಲರ ಕಣ್ಣಿಗೂ ಬೀಳುವ ಸಂಸ್ಥೆಯೆಂದರೆ ಸಕ್ಕರೆ ಕಾರ್ಖಾನೆ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಲ್ಲಿ ಸಹಕಾರಿ ಕಾರ್ಖಾನೆಗಳು ಬೆಳೆದವು. ಕಾರ್ಖಾನೆಯ ಆಡಳಿತ ಮಂಡಳಿಯ ಮುಂದೆ ಯಾವಾಗಲೂ ಹತ್ತು ಬೇಡಿಕೆ ಇರುತ್ತವೆ. ಅರೆಯುವ ಸಾಮರ್ಥ್ಯ ಹೆಚ್ಚಿಸಬೇಕೇ? ಸಿಪ್ಪೆಯಿಂದ ವಿದ್ಯುತ್ ತೆಗೆಯಬೇಕೇ? ಎಥೆನಾಲ್ ಘಟಕ ಹಾಕಬೇಕೇ? ಹಣ ಮಾತ್ರ ಒಂದಕ್ಕೆ ಸಾಲುವಷ್ಟು.

ವಿದ್ಯುತ್ತಿನ ವಿಚಾರವನ್ನೇ ನೋಡಿ. 100 ಟನ್ ಕಬ್ಬು ಅರೆದರೆ ಸುಮಾರು 28ರಿಂದ 30 ಟನ್ ಸಿಪ್ಪೆ ಸಿಗುತ್ತದೆ, ಅದರಲ್ಲಿ ಅರ್ಧದಷ್ಟು ನೀರಿನಂಶ. ಹಿಂದೆ ಇದನ್ನು ಕಡಿಮೆ ಒತ್ತಡದ ಬಾಯ್ಲರಿನಲ್ಲಿ ಉರಿಸಿ ಕಾರ್ಖಾನೆಯ ಹಬೆಗೆ ಬಳಸುತ್ತಿದ್ದರು. ಹಳೆಯ ಬಾಯ್ಲರುಗಳ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 21 ಕಿಲೋದ ಆಸುಪಾಸು. ಅದನ್ನು 60ಕ್ಕೂ ಮೇಲೆ ಒಯ್ದರೆ ಅದೇ ಸಿಪ್ಪೆಯಿಂದ ಕಾರ್ಖಾನೆಗೆ ಸಾಕಾಗಿ ಉಳಿದು, ಹೊರಗೆ ಮಾರುವಷ್ಟು ವಿದ್ಯುತ್ ಬರುತ್ತದೆ. ಕಚ್ಚಾ ಮಾಲು ಅಂಗಳದಲ್ಲೇ ಬಿದ್ದಿದೆ, ತಂತ್ರಜ್ಞಾನ ತಿಳಿದದ್ದೇ. ಆದರೆ ಹಂಗಾಮು ನಾಲ್ಕೈದು ತಿಂಗಳಷ್ಟೇ. ಉಳಿದ ತಿಂಗಳು ಟರ್ಬೈನು ಸುಮ್ಮನೆ ನಿಲ್ಲಬೇಕು, ಇಲ್ಲವೇ ಬೇರೆ ಉರುವಲು ಕೊಳ್ಳಬೇಕು. ಇಲ್ಲಿ ಎಂಟನೆಯ ತರಗತಿಯ ಭಾಗಾಕಾರ ಉಪಯೋಗಕ್ಕೆ ಬರುತ್ತದೆ. ಲೆಕ್ಕಕ್ಕಾಗಿ, ಘಟಕಕ್ಕೆ 120 ಕೋಟಿ ಖರ್ಚು, ವರ್ಷಕ್ಕೆ ಉಳಿತಾಯ 20 ಕೋಟಿ ಎಂದಿಟ್ಟುಕೊಳ್ಳಿ. ಹಾಕಿದ ಹಣ ಬಡ್ಡಿ ಬಿಟ್ಟು ಆರು ವರ್ಷಕ್ಕೆ ಮರಳುತ್ತದೆ. ಕಬ್ಬು ಕಡಿಮೆಯಾಗಿ ಉಳಿತಾಯ 12 ಕೋಟಿಗೆ ಇಳಿದರೆ ಹತ್ತು ವರ್ಷ. ಜಾಣ ಮಂಡಳಿ ಈ ಎರಡನೆಯ ಲೆಕ್ಕವನ್ನು ಮೊದಲು ಮಾಡುತ್ತದೆ.

ಹೊರಗಿನ ನಿಯಮ ಬದಲಾದರೆ ಎಂಬ ಪ್ರಶ್ನೆಯೂ ಇದೆ. ಎಥೆನಾಲಿಗೆ ಸರ್ಕಾರದ ಪ್ರೋತ್ಸಾಹ ಸಿಕ್ಕಿತೆಂದು ದೇಶದ ಅನೇಕ ಕಾರ್ಖಾನೆಗಳು ಸಾಲ ತೆಗೆದು ಘಟಕ ಹಾಕಿದವು. 2023ರ ಡಿಸೆಂಬರಿನಲ್ಲಿ, ಸಕ್ಕರೆ ಕಡಿಮೆ ಬಿದ್ದೀತೆಂದು, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನು ಕೇಂದ್ರವೇ ತಡೆಯಿತು. ಆಮೇಲೆ ಸ್ವಲ್ಪ ಸಡಿಲಿಸಿ, 2024ರ ಆಗಸ್ಟಿನಲ್ಲಿ ಮುಂದಿನ ಹಂಗಾಮಿಗಾಗಿ ತಡೆ ತೆಗೆಯಿತು. ಕಾಕಂಬಿಯಿಂದಲೂ ಎಥೆನಾಲ್ ತೆಗೆಯಬಲ್ಲ ಕಾರ್ಖಾನೆಗೆ ಆ ವರ್ಷ ಒಂದು ದಾರಿ ಉಳಿದಿತ್ತು. ಹಾಲನ್ನೇ ನಂಬಿದವರ ಗತಿ ಬೇರೆ.

ಕೋಟಿಗಳ ಈ ವ್ಯವಹಾರಕ್ಕೂ ಹುಡುಗರ ಚೀಟಿಗೂ ಏನು ಸಂಬಂಧ ಎಂದು ಪಾಲಕರು ಕೇಳಬಹುದು. ಸಂಬಂಧ ಇದೆ. ಕಾರ್ಖಾನೆಯವರು ಬಾಯ್ಲರು ನೋಡಿ ಮರುಳಾಗಿ ಯೋಜನೆ ಆರಿಸುವುದಿಲ್ಲ. ಸಿಪ್ಪೆ ಬಿದ್ದಿದೆ, ಏನು ಮಾಡೋಣ ಎಂಬಲ್ಲಿಂದ ಹೊರಡುತ್ತಾರೆ. ನಮ್ಮ ಮಕ್ಕಳ ಚೀಟಿಗಳು ಬಹುತೇಕ ತಿರುವುಮುರುವಾಗಿರುತ್ತವೆ. ಮೊದಲು ಸೆನ್ಸರ್ ಸಿಕ್ಕಿತು, ಆಮೇಲೆ ಅದಕ್ಕೊಂದು ತೊಂದರೆ ಹುಡುಕಿದರು.

2019ರ ಆಗಸ್ಟಿನ ಮಹಾಪೂರವನ್ನು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯವರು ಮರೆತಿಲ್ಲ. ಆ ಬಳಿಕ ವಿಜ್ಞಾನ ಪ್ರದರ್ಶನಗಳಲ್ಲಿ ‘ಪ್ರವಾಹ ಎಚ್ಚರಿಕೆ ಗಂಟೆ’ಗಳದೇ ಸಾಲು. ಬಕೆಟ್ಟಿನಲ್ಲಿ ನೀರು ಏರಿ ತಂತಿಗೆ ತಾಗಿದರೆ ಗಂಟೆ ಬಾರಿಸುತ್ತದೆ. ನೋಡಲು ಮೋಜು. ಆದರೆ ಯಡೂರು, ಕಲ್ಲೋಳ, ಇಂಗಳಿ, ಜುಗೂಳದ ಯಾರನ್ನಾದರೂ ಕೇಳಿ: ನೀರು ಮನೆಗೆ ಬಂದದ್ದು ತಿಳಿಯದೆ ಅವರಿಗೆ ಕಷ್ಟವಾಯಿತೇ? ಇಲ್ಲ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ಹರಿದಿದೆ ಎಂದು ಪತ್ರಿಕೆಯಲ್ಲಿ ಓದುತ್ತಾರೆ. ಆ ಅಂಕಿಗೆ ನಮ್ಮೂರ ಘಟ್ಟದ ಎಷ್ಟನೆಯ ಮೆಟ್ಟಿಲು ಮುಳುಗುತ್ತದೆ, ಎಷ್ಟು ತಾಸಿನ ನಂತರ, ಎಮ್ಮೆಗಳನ್ನು ಯಾವಾಗ ಬಿಚ್ಚಿ ಹೊರಡಿಸಬೇಕು ಎಂಬುದು ಅವರಿಗೆ ಬೇಕು. ಒಂದು ಮಗು ಮಳೆಗಾಲ ಪೂರ್ತಿ ದಿನಾ ಬೆಳಿಗ್ಗೆ, ದೊಡ್ಡವರೊಬ್ಬರ ಜೊತೆಗೆ ನಿಂತು, ದೂರದಿಂದಲೇ ಮೆಟ್ಟಿಲು ಎಣಿಸಿ, ಪಕ್ಕದಲ್ಲಿ ಪತ್ರಿಕೆಯ ಕ್ಯೂಸೆಕ್ ಬರೆದುಕೊಂಡರೆ ಒಂದು ಕೋಷ್ಟಕ ತಯಾರಾಗುತ್ತದೆ. ಖರ್ಚು ಒಂದು ನೋಟುಬುಕ್ಕು.

ಈ ನೋಟುಬುಕ್ಕನ್ನು ಇನ್‌ಸ್ಪೈರ್-ಮಾನಕ್‌ಗೆ ಕಳಿಸಿದರೆ ಆಯ್ಕೆಯಾಗುವುದು ಕಷ್ಟ. ಅಲ್ಲಿ ಕೇಳುವುದು ಹೊಸ ಸಾಧನದ ಅಥವಾ ಹೊಸ ವಿಧಾನದ ವಿಚಾರವನ್ನು. 1993ರಿಂದ ನಡೆಯುತ್ತ ಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಸ್ವರೂಪ ಬೇರೆ; ನಮ್ಮಲ್ಲಿ ಅದನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತ ಬಂದಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಪ್ರಶ್ನೆಯನ್ನು ಅಳೆದು, ಎಣಿಸಿ, ಜನರನ್ನು ಕೇಳಿ ಅಧ್ಯಯನ ಮಾಡಬೇಕು. ಅಲ್ಲಿ ಈ ನೋಟುಬುಕ್ಕಿಗೆ ಬೆಲೆ ಉಂಟು. ರಾಯಬಾಗ, ಅಥಣಿ ಕಡೆಯ ಸವುಳು ಭೂಮಿಯ ಅಧ್ಯಯನವೂ ಅಲ್ಲಿಗೇ ಸರಿ. ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ಕಾಯಿ ಆರಿಸುವ ಹೆಂಗಸರ ಬೆನ್ನುನೋವಿಗೆ ಒಂದು ಓರೆಯ ಮೇಜು ಎಂದು ಬರೆದಿದ್ದರೆ ಅದು ಮಾನಕ್‌ಗೆ. ಯಾವ ಚೀಟಿ ಯಾವ ಬಾಗಿಲಿಗೆ ಎಂದು ವಿಂಗಡಿಸುವುದೇ ಅರ್ಧ ಆಯ್ಕೆ.

ಶಾಲೆಗಳಲ್ಲಿ ಮಾಡಬಹುದಾದದ್ದು ಸರಳ. ಚೀಟಿಯ ಮೇಲಿನ ಹೆಸರಿಗೆ ಕಾಗದ ಅಂಟಿಸಿ. ವಿಜ್ಞಾನದ ಶಿಕ್ಷಕರಲ್ಲದೆ ಇನ್ನಿಬ್ಬರು ಓದಲಿ. ಅವರಲ್ಲಿ ಒಬ್ಬರು ಹೊಲ ಉಳ್ಳವರಾದರೆ ಒಳ್ಳೆಯದು, ರವದಿಯ ಚೀಟಿ ಅವರಿಗೆ ತಿಳಿಯುತ್ತದೆ. ಈ ತೊಂದರೆ ಯಾರದು, ನೀನು ಅವರನ್ನು ಕೇಳಿದೆಯಾ ಎಂದು ಮಗುವನ್ನು ಕರೆದು ಕೇಳಿ. ಪೇಟೆಯ ಮಾದರಿ ತಂದವನು ಈ ಪ್ರಶ್ನೆಗೆ ಅಪ್ಪನ ಮುಖ ನೋಡುತ್ತಾನೆ.

ಅಪ್ಪಂದಿರದೂ ಒಂದು ಪ್ರಶ್ನೆ ಇರುತ್ತದೆ: “ಸರ, ನಮ್ಮ ಹುಡುಗಂದು ಯಾಕ ಬಿಟ್ರಿ?” ಇದಕ್ಕೆ ಉತ್ತರ ಮೊದಲೇ ಬರೆದಿಡಬೇಕು. ಪ್ರತಿ ಚೀಟಿಯ ಹಿಂದೆ ಎರಡು ಸಾಲು: ಏನು ಚಲೋ ಇದೆ, ಯಾತಕ್ಕೆ ಬಿಡಲಾಯಿತು. ‘ಇಂಥದು ಪೇಟೆಯಲ್ಲಿ ಆಗಲೇ ಸಿಗುತ್ತದೆ’ ಎಂದು ಬರೆದರೆ ಹುಡುಗ ಮುಂದಿನ ವರ್ಷ ಬೇರೆಯದನ್ನು ತರುತ್ತಾನೆ. ಏನೂ ಬರೆಯದಿದ್ದರೆ ತನ್ನ ಜಾತಿಗೋ ಬಡತನಕ್ಕೋ ಬಿಟ್ಟರು ಎಂದುಕೊಳ್ಳುತ್ತಾನೆ, ಚೀಟಿ ಬರೆಯುವುದನ್ನೇ ನಿಲ್ಲಿಸುತ್ತಾನೆ. ಬಿಟ್ಟ ಮೂವತ್ತೈದನ್ನು ರದ್ದಿಗೆ ಹಾಕದೆ ಒಂದು ಕಡತದಲ್ಲಿಡಿ. ಸಮಾವೇಶಕ್ಕೆ ತಂಡ ಕಟ್ಟುವಾಗ ಮೊದಲು ತೆರೆಯಬೇಕಾದದ್ದು ಅದನ್ನೇ.

ಆರಿಸಿದ ಐದು ಮಕ್ಕಳ ಪಾಲಕರು ಈ ವಾರವೇ ಮಗುವಿನ ಪಾಸ್‌ಬುಕ್ ತೆಗೆದು ನೋಡಲಿ. ಖಾತೆಯಲ್ಲಿಯೂ ಆಧಾರ್ ಕಾರ್ಡಿನಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಹೆಸರು ಒಂದೇ ರೀತಿ ಇರಬೇಕು. ಮನೆಯ ಹೆಸರು ಒಂದು ಕಡೆ ಮೊದಲು, ಒಂದು ಕಡೆ ಕೊನೆಗೆ ಇರುವುದು ನಮ್ಮ ಕಡೆ ಬಹಳ.