ನೋಡುವ ಕಣ್ಣು, ಅಳೆಯುವ ಯಂತ್ರ



ಶ್ರಾವಣದಲ್ಲಿ ಭಾಲ್ಕಿ ತಾಲ್ಲೂಕಿನ ಒಂದು ಗ್ರಾಮಕ್ಕೆ ನಾವು ಪ್ರವಚನಕ್ಕೆ ಹೋದಾಗ ಔರಾದ್ ಕಡೆಯ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಅಪ್ಪಾವರೆ, ನೋಡುವವನಿಂದಲೇ ಜಗತ್ತು ಆಗುತ್ತದೆಂದು ವಿಜ್ಞಾನ ಒಪ್ಪಿದೆಯಂತೆ. ಇಷ್ಟಲಿಂಗ ದಿಟ್ಟಿಸಿ ಬಯಸಿದರೆ ಬಯಸಿದ್ದೇ ಆಗುವುದೆಂದು ಬೀದರಿನಲ್ಲಿ ಒಬ್ಬರು ಭಾಷಣ ಮಾಡಿದರು. ಖರೆ ಏನು?" ಅವರ ಮೊಮ್ಮಗನಿಗೆ ಜಡ್ಡು. ಮಾತ್ರೆ ಬಿಡಿಸಬಹುದೆ ಎಂಬುದೇ ಪ್ರಶ್ನೆಯೊಳಗಿನ ಪ್ರಶ್ನೆ.

ಖರೆಯಲ್ಲ, ಮಾತ್ರೆ ಬಿಡಿಸಬೇಡಿರಿ ಎಂದೆವು.

ಕ್ವಾಂಟಂ ಶಾಸ್ತ್ರ ಅತಿಸೂಕ್ಷ್ಮ ಕಣಗಳದ್ದು. ಎರಡು ಸೀಳುಗಳ ಮೂಲಕ ಬೆಳಕಿನ ಕಣಗಳನ್ನು ಒಂದೊಂದಾಗಿ ಬಿಟ್ಟರೂ ಆಚೆಯ ಪರದೆಯಲ್ಲಿ ಅಲೆಯಂಥ ಪಟ್ಟೆಗಳು ಮೂಡುತ್ತವೆ. ಯಾವ ಸೀಳಿನಿಂದ ಹೋಯಿತೆಂದು ತಿಳಿಯಲು ಯಂತ್ರವಿಟ್ಟರೆ ಪಟ್ಟೆ ಅಳಿಯುತ್ತದೆ. ಇದು ಸತ್ಯವೇ. ಆದರೆ ಅಲ್ಲಿ ನೋಡುವುದು ಯಂತ್ರ. ಕೋಣೆಯಲ್ಲಿ ಮನುಷ್ಯನಿಲ್ಲದಿದ್ದರೂ ಪಟ್ಟೆ ಅಳಿಯುತ್ತದೆ. ಜೋಳಕ್ಕೆ ಹಾಲು ತುಂಬಿತೆ ಎಂದು ತೆನೆಯ ಕಾಳು ಹಿಚುಕಿ ನೋಡುತ್ತೀರಲ್ಲ, ಆ ಕಾಳು ಮತ್ತೆ ಮೊದಲಿನಂತೆ ಇರುವುದೆ? (ಹೋಲಿಕೆ ಪೂರ್ಣವಲ್ಲ, ಕಣದ ವಿಚಿತ್ರ ಇದಕ್ಕಿಂತ ಆಳದ್ದು.) ಅದರ ಅರ್ಥವೇನೆಂಬಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ನೀಲ್ಸ್ ಬೋರ್ ಅವರದು ಒಂದು ಮತ, 1957ರಲ್ಲಿ ಎವರೆಟ್ ಹೇಳಿದ್ದು ಇನ್ನೊಂದು. ಪ್ರಜ್ಞೆಯೇ ಕಾರಣವಿದ್ದೀತೆಂದು 1961ರಲ್ಲಿ ಬರೆದ ವಿಗ್ನರ್ ಮುಂದೆ ತಾವೇ ಆ ಮಾತು ಕೈಬಿಟ್ಟರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಬೆಳಕಿನ ಕಣಗಳ ಪ್ರಯೋಗಗಳು ನಡೆದಿವೆ.

ನಮ್ಮ ಶಕ್ತಿವಿಶಿಷ್ಟಾದ್ವೈತಕ್ಕೆ ಜಗತ್ತು ಸತ್ಯ. ಅದು ನಮ್ಮ ಮನಸ್ಸಿನ ಕಲ್ಪನೆಯೆಂದು ಅದು ಒಪ್ಪದು. ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸುವುದು ನೋಡುವವನ ಮನಶ್ಶುದ್ಧಿಗೆ. ಅದಕ್ಕೆ ಪ್ರಯೋಗಶಾಲೆಯ ಸಾಕ್ಷಿ ತರುವವರು ಶಾಸ್ತ್ರವನ್ನೂ ಓದಿಲ್ಲ, ವಿಜ್ಞಾನವನ್ನೂ ಓದಿಲ್ಲ.

ಹಿರಿಯರು ವಿಭೂತಿ ಪಡೆದು, ಮಾತ್ರೆ ತರಲೆಂದು ಬೀದರ್ ಬಸ್ಸು ಹಿಡಿದರು.